ಎಣ್ಣೆ ಇದೆ, ಆದರೆ ಕಲ್ಲು ಬಿಡಬೇಕಲ್ಲ

(ಕಾಸರಗೋಡಿನಲ್ಲಿ ಭೂವಿಜ್ಞಾನದ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಒಂದು ಗುಹೆಯ ವಿಷಯ ಮಾತಾಡಿ ಮುಗಿಸೋಣ. ಮಂಗಳೂರು ದಾಟಿ ಉಡುಪಿ ಕಡೆಗೆ ಹೋಗುವಾಗ ಕಾಪು ಹತ್ತಿರ ಪಾದೂರು ಅಂತ ಒಂದು ಊರಿದೆ. ಅಲ್ಲಿ ನೆಲದಡಿಯ ಗಟ್ಟಿ ಕಲ್ಲನ್ನು ಕೊರೆದು ದೊಡ್ಡ ದೊಡ್ಡ ಗುಹೆಗಳನ್ನು ಮಾಡಿದ್ದಾರೆ. 25 ಲಕ್ಷ ಟನ್ ಕಚ್ಚಾ ಎಣ್ಣೆ ತುಂಬಿಡುವಷ್ಟು ಜಾಗ. ಮಂಗಳೂರಿನಲ್ಲಿ ಇನ್ನೊಂದಿದೆ, 15 ಲಕ್ಷ ಟನ್ನಿನದು. ಯುದ್ಧವೋ ಇನ್ನೇನೋ ಆಗಿ ಹಡಗು ಬರುವುದು ನಿಂತರೆ ದೇಶಕ್ಕೆ ಬೇಕಾಗುತ್ತದೆ ಅಂತ ಕೂಡಿಟ್ಟದ್ದು. ಸುತ್ತಲಿನ ಕಲ್ಲಿನ ಬಿರುಕುಗಳಲ್ಲಿ ಅಂತರ್ಜಲ ಇರುತ್ತದೆ. ಅದರ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಜಾಸ್ತಿ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಹಾಗಾಗಿ ಎಣ್ಣೆ ಹೊರಗೆ ಸೋರುವುದಿಲ್ಲ. ಪಂಪು ಹಾಕಿದರೆ ಮೇಲೆ ಬರುತ್ತದೆ.

ಎಣ್ಣೆ ಬಾವಿ ಅಂದ ಕೂಡಲೇ ನಮ್ಮೆಲ್ಲರ ತಲೆಗೆ ಬರುವ ಚಿತ್ರ ಇದೇ ಅಲ್ವಾ? ಕೆಳಗೆ ಒಂದು ಟೊಳ್ಳು, ಅದರಲ್ಲಿ ಕಪ್ಪು ಎಣ್ಣೆ, ಮೇಲಿನಿಂದ ಒಂದು ಪೈಪು. ಪಾದೂರಿನ ಮಟ್ಟಿಗೆ ಅದು ಸರಿ. ಯಾಕೆಂದರೆ ಅದನ್ನು ಮಾಡಿದ್ದು ಮನುಷ್ಯರು. ಭೂಮಿ ತಾನಾಗಿ ಮಾಡಿಟ್ಟ ಎಣ್ಣೆ ಕ್ಷೇತ್ರದಲ್ಲಿ ಟೊಳ್ಳು ಇಲ್ಲ, ಕಲ್ಲೇ ಇರುವುದು. ಆ ಕಲ್ಲಿನ ಕಣಗಳ ಸಂದಿಯಲ್ಲಿ ಎಣ್ಣೆ ಸೇರಿಕೊಂಡಿರುತ್ತದೆ. ಸಂದಿ ಎಷ್ಟು ಸಣ್ಣದು ಅಂದರೆ ಬರಿಗಣ್ಣಿಗೆ ಕಾಣುವುದು ಕಷ್ಟ.

ಹಾಗಾಗಿ ಎಷ್ಟು ಎಣ್ಣೆ ಇದೆ ಅನ್ನುವುದು ಒಂದು ಲೆಕ್ಕ, ಎಷ್ಟು ಕೈಗೆ ಸಿಗುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಜಗತ್ತಿನ ಎಣ್ಣೆ ಕ್ಷೇತ್ರಗಳನ್ನು ಒಟ್ಟಿಗೆ ನೋಡಿದರೆ ಇರುವ ಎಣ್ಣೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಮೇಲೆ ಬರುತ್ತದೆ. ಉಳಿದದ್ದು ಅಲ್ಲೇ ಉಳಿಯುತ್ತದೆ. ನಾರ್ವೆ ಕಡೆಯ ಉತ್ತರ ಸಮುದ್ರದಲ್ಲಿ ಸ್ಟಾಟ್‌ಫ್ಯೋರ್ಡ್ ಅಂತ ಒಂದು ಕ್ಷೇತ್ರ ಇದೆ, 1974ರಲ್ಲಿ ಸಿಕ್ಕಿದ್ದು. ಅಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ತೆಗೆದಿದ್ದಾರೆ. ಬೇರೆ ಕಡೆ ಐದರಲ್ಲೊಂದು ಪಾಲು ಸಿಗಬೇಕಾದರೂ ಹೆಣಗಾಡುತ್ತಾರೆ. ಅದೂ ಮರಳುಗಲ್ಲು, ಇದೂ ಮರಳುಗಲ್ಲು. ಮತ್ತೆ ಈ ಅಂತರ ಎಲ್ಲಿಂದ ಬಂತು? ಎಣ್ಣೆಯ ಗುಣ, ಯಂತ್ರ, ಹಣ ಎಲ್ಲ ಕಾರಣವೇ. ಆದರೆ ನಾನು ಇವತ್ತು ಮಾತಾಡುವುದು ಕಲ್ಲಿನ ಬಗ್ಗೆ. ಒಂದೇ ಕಲ್ಲು ಅಂತ ನಾವು ಕರೆಯುವುದರ ಒಳಗೆ ಎಷ್ಟು ಬಗೆಯ ಕಲ್ಲಿದೆ, ಅವು ಯಾವ ಕ್ರಮದಲ್ಲಿ ಕೂತಿವೆ ಅನ್ನುವುದರ ಬಗ್ಗೆ.

ಮುಂಬೈ ಹೈ ಬಗ್ಗೆ ಕೇಳಬೇಡಿ, ಅದು ಸುಣ್ಣದ ಕಲ್ಲು, ಅದರ ಕಥೆಯೇ ಬೇರೆ. ಅಸ್ಸಾಮಿನ ಡಿಗ್ಬಾಯ್, ಗುಜರಾತಿನ ಅಂಕಲೇಶ್ವರ, ರಾಜಸ್ಥಾನದ ಬಾಡ್‌ಮೇರ್, ಇವು ಮರಳುಗಲ್ಲಿನವು.

ಈ ಎರಡು ತುಂಡುಗಳನ್ನು ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಬಾವಿ ಕೊರೆಯುವಾಗ ಕೆಲವು ಆಳಗಳಲ್ಲಿ ಕಲ್ಲನ್ನು ಪುಡಿ ಮಾಡದೆ ಇಡೀ ಕಂಬದ ಹಾಗೆ ಕತ್ತರಿಸಿ ತೆಗೆಯುತ್ತಾರೆ. ಅದಕ್ಕೆ ಕೋರ್ ಅನ್ನುತ್ತಾರೆ. ಆ ಕೋರಿನಿಂದ ಮತ್ತೆ ಹೆಬ್ಬೆರಳಿನಷ್ಟು ದಪ್ಪದ ತುಂಡು ಕತ್ತರಿಸಿದರೆ ಅದು ಪ್ಲಗ್. ನಿಮ್ಮ ಕೈಯಲ್ಲಿರುವ ಎರಡು ಪ್ಲಗ್‌ಗಳೂ ಒಂದೇ ಕೋರಿನವು. ಒಂದರಿಂದ ಇನ್ನೊಂದಕ್ಕೆ ಒಂದಡಿ ಅಂತರ ಅಷ್ಟೇ. ಎರಡೂ ಬೂದು ಬಣ್ಣ, ತೂಕದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಈಗ ಬಾಟಲಿಯಿಂದ ಒಂದೊಂದು ಹನಿ ನೀರು ಹಾಕಿ ನೋಡಿ. ಕೆಂಪು ಗುರುತು ಇರುವುದರ ಮೇಲೆ ಹನಿ ಬಿದ್ದ ಕೂಡಲೇ ಮಾಯ. ಕಲ್ಲು ಒದ್ದೆಯಾಗಿ ಒಂದು ಕಲೆ ಮಾತ್ರ ಉಳಿಯಿತು. ನೀಲಿ ಗುರುತಿನದರ ಮೇಲೆ ಹನಿ ಗುಂಡಗೆ ಕೂತೇ ಇದೆ. ನೀವು ಅದನ್ನು ಓರೆ ಮಾಡಿದರೆ ಜಾರಿ ಬೀಳುತ್ತದೆ. ಲೆನ್ಸ್ ಇದ್ದವರು ಕೆಂಪಿನದನ್ನು ನೋಡಿದರೆ ಸಕ್ಕರೆ ಕಾಳಿನಂಥ ಕಣಗಳು, ನಡುವೆ ಕಪ್ಪು ಚುಕ್ಕಿಗಳಾಗಿ ಸಂದಿಗಳು ಕಾಣುತ್ತವೆ. ನೀಲಿಯದರಲ್ಲಿ ಕಣಗಳ ನಡುವೆ ಬಿಳಿ ಹಿಟ್ಟು ಮೆತ್ತಿದ ಹಾಗಿದೆ. ಒಂದಡಿಯಲ್ಲಿ ಇಷ್ಟು ವ್ಯತ್ಯಾಸ!

ಈ ವ್ಯತ್ಯಾಸವನ್ನು ಅಳೆಯಲು ಎರಡು ಮಾತು ಸಾಕು. ಒಂದು, ಕಲ್ಲಿನಲ್ಲಿ ಸಂದಿ ಎಷ್ಟಿದೆ. ಇನ್ನೊಂದು, ಆ ಸಂದಿಗಳ ಮೂಲಕ ಹರಿಯುವುದು ಎಷ್ಟು ಸುಲಭ. ಮೊದಲನೆಯದು ಪೊರಾಸಿಟಿ, ಎರಡನೆಯದು ಪರ್ಮಿಯಬಿಲಿಟಿ. ಎರಡೂ ಒಂದೇ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ, ಅಲ್ಲ. ಒಂದೇ ಅಳತೆಯ ಗುಂಡುಗಳನ್ನು ಬಿಡುಬಿಡಾಗಿ, ಒಂದರ ಮೇಲೊಂದು ನೇರವಾಗಿ ಜೋಡಿಸಿದರೆ ನಡುವಿನ ಖಾಲಿ ಜಾಗ ನೂರರಲ್ಲಿ ಸುಮಾರು 48 ಪಾಲು, ಒತ್ತೊತ್ತಾಗಿ ಜೋಡಿಸಿದರೆ 26 ಪಾಲು. ಗುಂಡು ದೊಡ್ಡದಾದರೂ ಸಣ್ಣದಾದರೂ ಈ ಲೆಕ್ಕ ಬದಲಾಗುವುದಿಲ್ಲ. ಆದರೆ ಹರಿಯುವ ಸಲೀಸು ಕಣದ ಅಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಣದ ಅಗಲ ಅರ್ಧವಾದರೆ ಹರಿವು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಸಣ್ಣ ಹೊಯ್ಗೆ ಮತ್ತು ದಪ್ಪ ಹೊಯ್ಗೆ ಒಂದೇ ಪ್ರಮಾಣದ ಎಣ್ಣೆ ಹಿಡಿದಿಟ್ಟುಕೊಳ್ಳಬಹುದು, ಆದರೆ ಕೊಡುವ ಕೈ ಒಂದೇ ಅಲ್ಲ. ಸಣ್ಣದು ದಪ್ಪದ್ದು ಎರಡೂ ಕಲಸಿಹೋದರೆ ದಪ್ಪ ಕಣಗಳ ಸಂದಿಗೆ ಸಣ್ಣ ಕಣ ಹೋಗಿ ಕೂರುತ್ತದೆ, ಆಗ ಎರಡೂ ಕೆಡುತ್ತವೆ.

ಇದನ್ನು ಮೊದಲು ಸರಿಯಾಗಿ ಅಳೆದವನು ಎಣ್ಣೆಯವನಲ್ಲ. ಫ್ರಾನ್ಸಿನ ಡಿಜೋನ್ ಪಟ್ಟಣದ ನೀರಿನ ಇಂಜಿನಿಯರ್ ಹೆನ್ರಿ ಡಾರ್ಸಿ. ಊರಿನ ಕುಡಿಯುವ ನೀರಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಲೆಕ್ಕ ಬರೆದ. 1856ರಲ್ಲಿ ಅಚ್ಚಾಯಿತು. ಇವತ್ತಿಗೂ ಎಣ್ಣೆಯವರು ಕಲ್ಲನ್ನು ಅಳೆಯುವುದು ಅವನ ಹೆಸರಿನಲ್ಲೇ. ಡಾರ್ಸಿ, ಅದರ ಸಾವಿರದಲ್ಲೊಂದು ಮಿಲಿಡಾರ್ಸಿ. ನೀರಿನವರು ಕಲಿಸಿದ್ದನ್ನು ಎಣ್ಣೆಯವರು ಇಟ್ಟುಕೊಂಡು ಕೋಟ್ಯಧಿಪತಿಗಳಾದರು, ಇರಲಿ.

ಈಗ ಒಂದು ಲೆಕ್ಕ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ. ಹತ್ತು ಮೀಟರ್ ದಪ್ಪದ ಮರಳುಗಲ್ಲು ಇದೆ ಅಂತ ಇಟ್ಟುಕೊಳ್ಳಿ. ಮೇಲಿನ ಐದು ಮೀಟರ್ 1,000 ಮಿಲಿಡಾರ್ಸಿ, ಕೆಳಗಿನ ಐದು ಮೀಟರ್ 10 ಮಿಲಿಡಾರ್ಸಿ. ಸರಾಸರಿ 505. ವರದಿಯಲ್ಲಿ 505 ಅಂತ ಬರೆದರೆ ಓದಿದವರಿಗೆ ಬಹಳ ಖುಷಿ, ಒಳ್ಳೆಯ ಕಲ್ಲು ಅಂತ.

ಎಣ್ಣೆ ತನ್ನ ಒತ್ತಡದಿಂದಲೇ ಸ್ವಲ್ಪ ದಿನ ಬರುತ್ತದೆ. ಒತ್ತಡ ಇಳಿದ ಮೇಲೆ ಒಂದು ಬಾವಿಯಿಂದ ನೀರು ಒತ್ತಿ, ಆ ನೀರು ಎಣ್ಣೆಯನ್ನು ತಳ್ಳಿಕೊಂಡು ಹೋಗಿ, ಇನ್ನೊಂದು ಬಾವಿಯಿಂದ ಎಣ್ಣೆ ಬರುವ ಹಾಗೆ ಮಾಡುತ್ತಾರೆ. ಎರಡು ಬಾವಿಯ ನಡುವೆ 500 ಮೀಟರ್ ಅಂತ ಇಟ್ಟುಕೊಳ್ಳಿ. ನಮ್ಮ ಕಲ್ಲಿಗೆ ನೀರು ಒತ್ತಿದರೆ ಏನಾಗುತ್ತದೆ? ನೂರು ಲೀಟರ್ ಒತ್ತಿದರೆ 99 ಲೀಟರ್ ಮೇಲಿನ ಪದರಕ್ಕೆ ಹೋಗುತ್ತದೆ, ಒಂದು ಲೀಟರ್ ಕೆಳಗಿನದಕ್ಕೆ. ಮೇಲೆ ನೀರು 500 ಮೀಟರ್ ದಾಟಿ ಆಚೆ ಬಾವಿಗೆ ಮುಟ್ಟುವ ಹೊತ್ತಿಗೆ ಕೆಳಗೆ ಬರೇ ಐದು ಮೀಟರ್ ಸರಿದಿರುತ್ತದೆ. ಅಲ್ಲಿಂದ ಮುಂದೆ ಆಚೆ ಬಾವಿಯಲ್ಲಿ ಬರುವುದು ಹೆಚ್ಚಾಗಿ ನೀವೇ ಒತ್ತಿದ ನೀರು. ಕೆಳಗಿನ ಪದರದ ಎಣ್ಣೆ ಇದ್ದ ಹಾಗೇ ಇದೆ. ಲೆಕ್ಕ ಸುಲಭವಾಗಲಿ ಅಂತ ಎಣ್ಣೆ ನೀರು ಎರಡೂ ಒಂದೇ ತೆಳುವು ಅಂತ ತೆಗೆದುಕೊಂಡಿದ್ದೇನೆ. ಎಣ್ಣೆ ಮಂದವಾಗಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಅದೇ ಹತ್ತು ಮೀಟರೂ 505 ಮಿಲಿಡಾರ್ಸಿ ಇದ್ದಿದ್ದರೆ? ನೀರು ಒಂದೇ ಸಾಲಾಗಿ ಹೋಗುತ್ತಿತ್ತು, ಎಣ್ಣೆ ಬಹುಪಾಲು ಬರುತ್ತಿತ್ತು. ಸರಾಸರಿ ಎರಡರದ್ದೂ ಒಂದೇ. ಹಾಗಾಗಿ ಯಾರಾದರೂ ಸರಾಸರಿ ಮಾತ್ರ ಹೇಳಿದರೆ ಅವರ ಹತ್ತಿರ ಕೋರ್ ತೋರಿಸಿ ಅಂತ ಕೇಳಬೇಕು.

ಒಬ್ಬರು ಆಗಲೇ ಕೈಯೆತ್ತಿದ್ದಾರೆ. ಒತ್ತಡ ಜಾಸ್ತಿ ಮಾಡಿದರೆ ಕೆಳಗಿನ ಪದರಕ್ಕೂ ನೀರು ನುಗ್ಗುವುದಿಲ್ವಾ ಅಂತ. ನುಗ್ಗುತ್ತದೆ, ಆದರೆ ಮೇಲಿನದಕ್ಕೂ ಅಷ್ಟೇ ಪಟ್ಟು ಜಾಸ್ತಿ ನುಗ್ಗುತ್ತದೆ. 99ಕ್ಕೆ 1 ಅನ್ನುವ ಪಾಲು ಹಾಗೇ ಇರುತ್ತದೆ. ನೀರು ಬೇಗ ಬಂದು ಮುಟ್ಟಿತು ಅನ್ನುವುದು ಬಿಟ್ಟರೆ ಬೇರೆ ಲಾಭ ಇಲ್ಲ. ಇನ್ನೂ ಒತ್ತಿದರೆ ಕಲ್ಲೇ ಬಿರುಕು ಬಿಡುತ್ತದೆ. ಬಿರುಕಿನಷ್ಟು ಸಲೀಸಾದ ದಾರಿ ನೀರಿಗೆ ಇನ್ನೊಂದಿಲ್ಲ, ಕೆಲಸ ಕೆಟ್ಟಿತು.

ಇನ್ನೊಂದು ಲೆಕ್ಕ, ಇದು ಚಿಕ್ಕದು. ಈಗ ಪದರಗಳು ಮೇಲೆ ಕೆಳಗೆ ಅಲ್ಲ, ದಾರಿಗೆ ಅಡ್ಡ ಅಂತ ಇಟ್ಟುಕೊಳ್ಳಿ. ನೂರು ಮೀಟರ್ ಒಳ್ಳೆಯ ಮರಳುಗಲ್ಲು, 1,000 ಮಿಲಿಡಾರ್ಸಿ. ಅದರ ನಡುವೆ ಅಡ್ಡಲಾಗಿ ಒಂದೇ ಮೀಟರ್ ಜೇಡಿ, ಮಿಲಿಡಾರ್ಸಿಯ ಹತ್ತರಲ್ಲೊಂದು ಪಾಲು. ಒಟ್ಟು ದಾರಿಯ ಬೆಲೆ ಎಷ್ಟಾಗುತ್ತದೆ? ಹೆಚ್ಚು ಕಡಿಮೆ 10 ಮಿಲಿಡಾರ್ಸಿ. ನೂರ ಒಂದರಲ್ಲಿ ಒಂದು ಮೀಟರ್ ಜೇಡಿ ಇಡೀ ಕಲ್ಲಿನ ಬೆಲೆಯನ್ನು ನೂರರಲ್ಲೊಂದಕ್ಕೆ ಇಳಿಸಿತು. ಕೆಟ್ಟ ಕಲ್ಲು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದು ಮುಖ್ಯ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಕಲ್ಲು ಎಷ್ಟು ಬಗೆಬಗೆಯಾಗಿದೆ ಅನ್ನುವುದನ್ನು ಒಂದು ಅಂಕೆಯಲ್ಲಿ ಹಿಡಿಯಲು 1950ರಲ್ಲಿ ಡೈಕ್‌ಸ್ಟ್ರಾ ಮತ್ತು ಪಾರ್ಸನ್ಸ್ ಒಂದು ವಿಧಾನ ಕೊಟ್ಟರು. ಕಲ್ಲೆಲ್ಲ ಒಂದೇ ಸಮ ಇದ್ದರೆ ಸೊನ್ನೆ, ಪೂರ್ತಿ ಚೆಲ್ಲಾಪಿಲ್ಲಿ ಇದ್ದರೆ ಒಂದು. ಇವತ್ತಿಗೂ ಪಾಠದಲ್ಲಿ ಇದೆ, ಪರೀಕ್ಷೆಗೂ ಬರುತ್ತದೆ, ಕಲಿಯಿರಿ. ಆದರೆ ಅದರಲ್ಲಿ ಒಂದು ಕೊರತೆ ಇದೆ. ಪದರಗಳ ಕ್ರಮವನ್ನು ನೀವು ಇಸ್ಪೀಟಿನ ಎಲೆ ಕಲಸಿದಂತೆ ಕಲಸಿದರೂ ಆ ಅಂಕೆ ಬದಲಾಗುವುದಿಲ್ಲ. ನೆಲದಡಿಯಲ್ಲಿ ಮಾತ್ರ ಕ್ರಮ ಬದಲಾದರೆ ಎಲ್ಲವೂ ಬದಲಾಗುತ್ತದೆ.

ಕ್ರಮ ಎಲ್ಲಿಂದ ಬರುತ್ತದೆ? ಮರಳು ಮೊದಲು ಬಿದ್ದ ಜಾಗದಿಂದ. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಚಂದ್ರಗಿರಿ ಹೊಳೆಯಲ್ಲಿ, ಶಿರಿಯ ಹೊಳೆಯಲ್ಲಿ ದೋಣಿ ಹಾಕಿ ಹೊಯ್ಗೆ ತೆಗೆದವರನ್ನು ಕೇಳಿ. ಕಾಂಕ್ರೀಟಿನ ದಪ್ಪ ಹೊಯ್ಗೆ ಎಲ್ಲಿ, ಸಾರಣೆಯ ನಯ ಹೊಯ್ಗೆ ಎಲ್ಲಿ ಅಂತ ಅವರಿಗೆ ಗೊತ್ತು. ಹೊಳೆ ತಿರುಗುವ ಕಡೆ ಹೊರಮೈಯಲ್ಲಿ ದಂಡೆ ಕೊರೆಯುತ್ತದೆ, ಒಳಮೈಯಲ್ಲಿ ಮರಳು ಕೂರುತ್ತದೆ. ಹೀಗೆ ಕೂರುವಾಗ ಆಳದಲ್ಲಿ ನೀರಿಗೆ ಜೋರು ಇರುವುದರಿಂದ ಬೆಣಚುಕಲ್ಲು, ದಪ್ಪ ಹೊಯ್ಗೆ. ಮೇಲೆ ಹೋದ ಹಾಗೆ ನಯ ಹೊಯ್ಗೆ, ಕೊನೆಗೆ ಕೆಸರು. ಕೆಳಗೆ ದಪ್ಪ, ಮೇಲೆ ಸಣ್ಣ.

ಇದು ಕಲ್ಲಾಗಿ, ಅದರಲ್ಲಿ ಎಣ್ಣೆ ಸೇರಿ, ನಾವು ಅದಕ್ಕೆ ನೀರು ಒತ್ತಿದರೆ ಆ ನೀರಿಗೆ ಕೆಳಗಿನ ದಪ್ಪ ಮರಳಿನ ದಾರಿ ಸಲೀಸು. ನೀರು ಎಣ್ಣೆಗಿಂತ ಭಾರ, ಭಾರವೂ ಅದನ್ನು ಕೆಳಕ್ಕೇ ಎಳೆಯುತ್ತದೆ. ಎರಡೂ ಸೇರಿ ನೀರು ತಳದಲ್ಲೇ ಓಡಿ ಆಚೆ ಬಾವಿ ಸೇರುತ್ತದೆ, ಮೇಲಿನ ಎಣ್ಣೆ ಬಾಕಿ.

ಹೊಳೆ ಕಡಲು ಸೇರುವ ಕಡೆ ಕ್ರಮ ತಿರುಗುಮುರುಗು. ಅಳಿವೆಯ ಹೊರಗೆ ಆಳ ನೀರಿನಲ್ಲಿ ಮೊದಲು ಕೆಸರು ಕೂರುತ್ತದೆ, ಅದರ ಮೇಲೆ ನಯ ಹೊಯ್ಗೆ, ಹೊಳೆ ಮುಂದೆ ಮುಂದೆ ಮರಳು ಹಾಕಿದ ಹಾಗೆ ಮೇಲೆ ದಪ್ಪ ಹೊಯ್ಗೆ. ಇಲ್ಲಿ ನೀರು ಒತ್ತಿದರೆ ಮೇಲಿನ ದಪ್ಪ ಮರಳಿನಲ್ಲಿ ಮುಂದೋಡಲು ನೋಡುತ್ತದೆ, ಆದರೆ ಭಾರ ಅದನ್ನು ಕೆಳಕ್ಕೆ ಎಳೆಯುತ್ತದೆ. ಒಂದನ್ನೊಂದು ಸ್ವಲ್ಪ ಸರಿದೂಗಿಸುತ್ತವೆ. ಅದೇ ಮರಳು, ಅದೇ ಸರಾಸರಿ, ಮೇಲೆ ಕೆಳಗೆ ಮಾಡಿದ್ದಕ್ಕೆ ಎಣ್ಣೆ ಜಾಸ್ತಿ. ಬಾವಿಯೊಳಗೆ ಗಾಮಾ ಕಿರಣ ಅಳೆಯುವ ಉಪಕರಣ ಇಳಿಸಿದರೆ ಜೇಡಿ ಇರುವ ಕಡೆ ಅಳತೆ ಏರುತ್ತದೆ, ಯಾಕೆಂದರೆ ಜೇಡಿಯಲ್ಲಿ ಗಾಮಾ ಕಿರಣ ಸೂಸುವ ಪೊಟ್ಯಾಶಿಯಂ, ಥೋರಿಯಂ ಜಾಸ್ತಿ. ಆ ಗೆರೆ ಗಂಟೆಯ ಆಕಾರದಲ್ಲಿ ಬಂದರೆ ಹೊಳೆಯ ಮರಳು ಇರಬಹುದು, ಆಲಿಕೆಯ ಆಕಾರದಲ್ಲಿ ಬಂದರೆ ಅಳಿವೆಯದ್ದು ಇರಬಹುದು ಅಂತ ಊಹೆ ಶುರು ಮಾಡುತ್ತಾರೆ. ಊಹೆ ಮಾತ್ರ. ಕೋರ್ ನೋಡದೆ ಖಾತ್ರಿ ಮಾಡಿಕೊಳ್ಳುವವರು ಕೆಲವರಿದ್ದಾರೆ, ನನಗೆ ಅವರ ಧೈರ್ಯ ಇಲ್ಲ.

ಅಳಿವೆಯ ಒಳಗೆ ಇನ್ನೊಂದು ಕಿತಾಪತಿ ನಡೆಯುತ್ತದೆ. ಭರತ ಬರುವಾಗ ನೀರು ಒಂದು ದಿಕ್ಕಿಗೆ, ಇಳಿತದಲ್ಲಿ ಇನ್ನೊಂದು ದಿಕ್ಕಿಗೆ. ಎರಡರ ನಡುವೆ ಸ್ವಲ್ಪ ಹೊತ್ತು ನೀರು ಸುಮ್ನೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ತೇಲುತ್ತಿದ್ದ ಕೆಸರು ಮೆಲ್ಲಗೆ ಮರಳಿನ ಮೇಲೆ ಕೂರುತ್ತದೆ. ಮತ್ತೆ ಹರಿವು ಶುರುವಾದಾಗ ಅದರ ಮೇಲೆ ಮರಳು. ಇಳಿತದ ಹೊತ್ತಿಗೆ ಅಳಿವೆಯ ಪಕ್ಕದ ದಿಬ್ಬದಲ್ಲಿ ಒಂದು ಗುಂಡಿ ತೋಡಿ, ಹಾರೆಯ ಬಾಯಿಂದ ಒಂದು ಬದಿಯನ್ನು ನೇರವಾಗಿ ಕೆತ್ತಿ. ಹೊಯ್ಗೆಯ ನಡುವೆ ಬೂದು ಗೆರೆಗಳು ಕಾಣುತ್ತವೆ. ಉಗುರಿನಿಂದ ಕೆರೆದರೆ ಕಾಗದದಷ್ಟು ತೆಳುವಿನ ಕೆಸರಿನ ಹಾಳೆ ಏಳುತ್ತದೆ. ಕೆಲವು ಒಂದು ಗೇಣು ಹೋಗಿ ಮುಗಿಯುತ್ತವೆ, ಕೆಲವು ಗುಂಡಿಯ ಈಚೆಯಿಂದ ಆಚೆಗೆ ಹೋಗುತ್ತವೆ. ಎಣ್ಣೆ ಕಲ್ಲಿನಲ್ಲಿ ಇದೇ ಹಾಳೆಗಳು ಅಡ್ಡಗೋಡೆ. ಪಕ್ಕಕ್ಕೆ ಹರಿಯಲು ತೊಂದರೆ ಇಲ್ಲ, ಮೇಲಿಂದ ಕೆಳಕ್ಕೆ ಹೋಗಲು ಬಿಡುವುದಿಲ್ಲ. ಇದರಿಂದ ಕೇಡೂ ಇದೆ, ಲಾಭವೂ ಇದೆ. ಕೆಳಗಿನ ನೀರು ಬಾವಿಗೆ ಏರಿ ಬರುವುದನ್ನು ಇದೇ ಹಾಳೆ ತಡೆಯುತ್ತದೆ.

ಈಗ ಪೇಪರಿನ ವಿಷಯಕ್ಕೆ ಬರೋಣ. ವಾಣಿಜ್ಯ ಪುಟದಲ್ಲಿ ಬ್ರೆಂಟ್ ಕಚ್ಚಾ ಎಣ್ಣೆ ಬ್ಯಾರಲಿಗೆ ಇಷ್ಟು ಡಾಲರ್ ಅಂತ ದಿನಾ ಓದುತ್ತೀರಿ ಅಲ್ವಾ? ಬ್ರೆಂಟ್ ಅಂದರೆ ಸ್ಕಾಟ್ಲೆಂಡಿನ ಈಶಾನ್ಯಕ್ಕೆ, ಉತ್ತರ ಸಮುದ್ರದಲ್ಲಿ 1971ರಲ್ಲಿ ಸಿಕ್ಕಿದ ಕ್ಷೇತ್ರ. ಅದನ್ನು ಕಂಡುಹಿಡಿದ ಶೆಲ್ ಕಂಪನಿಯವರು ತಮ್ಮ ಕ್ಷೇತ್ರಗಳಿಗೆ ಹಕ್ಕಿಗಳ ಹೆಸರಿಡುತ್ತಿದ್ದರು, ಬ್ರೆಂಟ್ ಒಂದು ಬಗೆಯ ಹೆಬ್ಬಾತು. ಅಲ್ಲಿನ ಕಲ್ಲಿನ ಐದು ಘಟಕಗಳಿಗೆ ಬ್ರೂಮ್, ರಾನಕ್, ಈಟಿವ್, ನೆಸ್, ಟಾರ್ಬರ್ಟ್ ಅಂತ ಹೆಸರು. ಮೊದಲ ಅಕ್ಷರಗಳನ್ನು ಕೂಡಿಸಿದರೆ ಮತ್ತೆ ಬ್ರೆಂಟ್! ಬೇಕೆಂದೇ ಹಾಗೆ ಆರಿಸಿದ್ದು.

ಇದೊಂದು ಹಳೆಯ ಮುಖಜಭೂಮಿ, ಅಂದರೆ ಹೊಳೆ ಕಡಲು ಸೇರುವ ಕಡೆ ಮರಳು ಹಾಕಿ ಆದ ನೆಲ, ಜುರಾಸಿಕ್ ಕಾಲದ್ದು. ಇದರಲ್ಲಿ ರಾನಕ್ ಕೆಳಗೆ, ಈಟಿವ್ ಅದರ ಮೇಲೆ. ರಾನಕ್ ನಯ ಮರಳು, ಅದರ ತುಂಬ ಕಾಗೆಬಂಗಾರ, ಅಂದರೆ ಅಭ್ರಕ. ಅಭ್ರಕದ ಹಾಳೆಗಳು ಅಡ್ಡ ಮಲಗಿ ಮೇಲೆ ಕೆಳಗೆ ಹರಿಯದ ಹಾಗೆ ಮಾಡುತ್ತವೆ. ಈಟಿವ್ ದಪ್ಪ ಮರಳು, ಬಲು ಸಲೀಸು. ನಾನು ಈಗ ತಾನೆ ಹೇಳಿದ ನಿಯಮದ ಪ್ರಕಾರ ಮೇಲೆ ದಪ್ಪ ಇದ್ದರೆ ಒಳ್ಳೆಯದಾಗಬೇಕಿತ್ತು. ಆದರೆ ಎರಡರ ನಡುವಿನ ಅಂತರ ತೀರಾ ಜಾಸ್ತಿಯಾದರೆ ಭಾರ ಎಳೆಯುವುದು ಸಾಲುವುದಿಲ್ಲ. ನೀರು ಈಟಿವ್‌ನಲ್ಲಿ ಮುಂದೋಡುತ್ತದೆ, ರಾನಕ್‌ನ ಎಣ್ಣೆ ಹಿಂದುಳಿಯುತ್ತದೆ. ಆ ಪ್ರದೇಶದ ಹಲವು ಕ್ಷೇತ್ರಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ತಲೆನೋವು. ಹಾಗಾಗಿ ನಿಯಮ ಕಲಿತ ಕೂಡಲೇ ಎಲ್ಲ ಕಡೆ ಹಾಕಲು ಹೋಗಬೇಡಿ.

ಇಷ್ಟರವರೆಗೆ ಪದರದ ಮಾತಾಯಿತು. ಪದರ ಎಲ್ಲ ಕಡೆಗೂ ಹಬ್ಬಿರುತ್ತದೆ ಅಂತ ನಾನು ಸುಮ್ನೆ ಒಪ್ಪಿಕೊಂಡು ಬಂದೆ. ಹಾಗೆ ಇರುವುದಿಲ್ಲ. ಪೆರ್ಲ, ಬಾಯಾರು ಕಡೆಯವರು ಇಲ್ಲಿ ಇದ್ದರೆ ಅವರಿಗೆ ಇದು ಹೇಳಿಯೇ ಕೊಡಬೇಕಾಗಿಲ್ಲ. ನಿಮ್ಮ ತೋಟಗಳಿಗೆ ನೀರು ಕೊಡುವ ಸುರಂಗಗಳನ್ನು ನೋಡಿ. ಮುರಕಲ್ಲಿನ ಗುಡ್ಡಕ್ಕೆ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡ ಕೊರೆಯುತ್ತಾ ಹೋಗುತ್ತಾರೆ. ಒಂದೇ ಗುಡ್ಡ, ಒಂದೇ ಎತ್ತರ, ಒಂದು ಸುರಂಗದಲ್ಲಿ ಬೇಸಿಗೆಯಲ್ಲೂ ನೀರು, ಪಕ್ಕದ್ದರಲ್ಲಿ ಎಷ್ಟು ಕೊರೆದರೂ ಒಣ ಮಣ್ಣು. ಗುಡ್ಡದಲ್ಲಿ ನೀರಿಲ್ಲ ಅಂತ ಅಲ್ಲ. ನೀರು ಬರುವ ದಾರಿಗೆ ಆ ಸುರಂಗ ತಾಗಲಿಲ್ಲ, ನಡುವೆ ಜೇಡಿಯ ಅಡ್ಡ ಬಂತು. ಎಣ್ಣೆ ಬಾವಿಯದ್ದೂ ಇದೇ ಪಾಡು. ಹಳೆಯ ಹೊಳೆಯ ಮರಳು ಉದ್ದಕ್ಕೆ ಅಂಕುಡೊಂಕಾಗಿ ಹೋಗುತ್ತದೆ, ಅಕ್ಕಪಕ್ಕ ಕೆಸರು. ಎರಡು ಬಾವಿಗಳು ಎರಡು ಮರಳಿಗೆ ತಾಗಿದರೂ ಆ ಎರಡಕ್ಕೂ ಒಳಗೆ ಸಂಬಂಧ ಇಲ್ಲದಿದ್ದರೆ ಒಂದರಲ್ಲಿ ನೀರು ಒತ್ತಿ ಇನ್ನೊಂದರಲ್ಲಿ ಕಾಯುತ್ತಾ ಕೂರಬೇಕು. ಆಮೇಲೆ ಭೂಮಿ ಸೀಳಿ ಜಾರಿದ ಕಡೆ ಮರಳಿಗೆ ಎದುರಾಗಿ ಜೇಡಿ ಬಂದು ನಿಂತರೆ ಅಲ್ಲಿಗೇ ಬಾಗಿಲು ಮುಚ್ಚಿದ ಹಾಗೆ. ಬೇಲಿ ಹಾಕಿದ ಪ್ರತಿ ಭಾಗಕ್ಕೂ ಬೇರೆ ಬಾವಿ ಬೇಕು. ಕಡಲಿನ ನಡುವೆ ಒಂದು ಬಾವಿಗೆ ಎಷ್ಟು ಖರ್ಚು ಅಂತ ನಿಮಗೆ ಹೇಳಬೇಕಾಗಿಲ್ಲ.

ಮರಳು ಬಿದ್ದ ಮೇಲೂ ಕಥೆ ಮುಗಿಯುವುದಿಲ್ಲ. ಬಾದಾಮಿಗೆ ನಿಮ್ಮಲ್ಲಿ ತುಂಬಾ ಜನ ಹೋಗಿರಬಹುದು. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಎಲ್ಲರೂ ಅದನ್ನು ನೋಡುತ್ತಾರೆ. ಮುಂದಿನ ಸಲ ಹೋದಾಗ ವಿಗ್ರಹದಿಂದ ಸ್ವಲ್ಪ ಪಕ್ಕಕ್ಕೆ, ಕೆತ್ತದೆ ಬಿಟ್ಟ ಬಂಡೆಯ ಮೇಲೆ ಕಣ್ಣು ಹಾಯಿಸಿ. ಓರೆ ಓರೆ ಗೆರೆಗಳು, ಒಂದು ಗುಂಪು ಒಂದು ಕಡೆಗೆ ವಾಲಿ, ಅದರ ಮೇಲಿನ ಗುಂಪು ಅದನ್ನು ಕತ್ತರಿಸಿ ಕೂತದ್ದು ಕಾಣುತ್ತದೆ. ಹರಿಯುವ ನೀರು ಮರಳಿನ ದಿಬ್ಬಗಳನ್ನು ಮುಂದೆ ಮುಂದೆ ತಳ್ಳಿದ ಗುರುತು ಅದು. ಡೈನೋಸಾರ್‌ಗಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲು. ಇಂಥ ಕಲ್ಲಿನಲ್ಲಿ ಗೆರೆಯ ಉದ್ದಕ್ಕೆ ಹರಿಯುವುದು ಸುಲಭ, ಗೆರೆ ದಾಟಿ ಹರಿಯುವುದು ಕಷ್ಟ. ಅಂಗೈಯಷ್ಟು ಕಲ್ಲಿನಲ್ಲೂ ದಿಕ್ಕಿನ ಭೇದ ಇದೆ ಅಂತಾಯಿತು.

ಆದರೆ ನಾನು ಬಾದಾಮಿ ತೆಗೆದದ್ದು ಬೇರೆ ಕಾರಣಕ್ಕೆ. ಆ ಕಲ್ಲೂ ಒಂದು ಕಾಲದಲ್ಲಿ ಬಿಡಿ ಹೊಯ್ಗೆಯಾಗಿತ್ತು. ಈಗ ಕಣಗಳ ಸಂದಿಯಲ್ಲಿ ಸಿಲಿಕಾ ಬೆಳೆದು ಗಟ್ಟಿಯಾಗಿ ಬೆಸೆದುಕೊಂಡಿದೆ. ಚಾಲುಕ್ಯರ ಶಿಲ್ಪಿಗಳಿಗೆ ಅದು ಅನುಕೂಲವಾಯಿತು. ಎಣ್ಣೆಯವರಿಗೆ ಅಂಥ ಬೆಸುಗೆಯೇ ಶತ್ರು. ನೆಲದಡಿ ಆಳಕ್ಕೆ ಹೋದ ಹಾಗೆ ಬಿಸಿ ಏರುತ್ತದೆ, ನೀರಿನಲ್ಲಿ ಕರಗಿದ್ದ ಸಿಲಿಕಾ, ಸುಣ್ಣ ಸಂದಿಗಳಲ್ಲಿ ಕೂರುತ್ತವೆ, ಜೇಡಿ ಖನಿಜಗಳೂ ಬೆಳೆಯುತ್ತವೆ. ಅದೂ ಎಲ್ಲ ಕಡೆ ಸಮನಾಗಿ ಅಲ್ಲ, ಇಲ್ಲೊಂದು ಕಡೆ ಅಲ್ಲೊಂದು ಕಡೆ. ನಿಮ್ಮ ಕೈಗೆ ಬಂದ ನೀಲಿ ಗುರುತಿನ ಪ್ಲಗ್ ಅಂಥದ್ದು, ಅದರ ಬಿಳಿ ಹಿಟ್ಟು ಜೇಡಿ ಖನಿಜ.

ಜೇಡಿಗಳಲ್ಲೂ ಜಾತಿ ಬೇರೆ ಬೇರೆ, ಗುಣ ಬೇರೆ ಬೇರೆ. ಚೈನಾ ಕ್ಲೇ ಅಂತ ನಮ್ಮ ಕಡೆ ಗೊತ್ತಿರುವ ಕಯೊಲಿನೈಟ್ ನೀರು ಜೋರಾಗಿ ಹರಿದರೆ ಕಿತ್ತುಕೊಂಡು ಹೋಗಿ ಸಂದಿಯ ಬಾಯಿಗೆ ಸಿಕ್ಕಿ ಕೂರುತ್ತದೆ. ಸ್ಮೆಕ್ಟೈಟ್‌ಗೆ ಸಿಹಿನೀರು ತಾಗಿದರೆ ಉಬ್ಬುತ್ತದೆ. ಅದಕ್ಕೇ ಅಂಥ ಕಲ್ಲಿಗೆ ಉಪ್ಪು ಬೆರೆಸಿದ ನೀರು ಒತ್ತುತ್ತಾರೆ. ಇಲ್ಲೈಟ್ ಕೂದಲೆಳೆಯ ಹಾಗೆ ಬೆಳೆದು ಸಂದಿಗೆ ಜೇಡನ ಬಲೆ ಕಟ್ಟುತ್ತದೆ. ಸಂದಿಯ ಗಾತ್ರ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಹರಿವು ಮಾತ್ರ ಬಿದ್ದುಹೋಗುತ್ತದೆ. ಕ್ಲೋರೈಟ್ ಒಂದು ಉಪಕಾರಿ. ಅದು ಮರಳಿನ ಕಣದ ಸುತ್ತ ತೆಳುವಾಗಿ ಅಂಟಿಕೊಂಡರೆ ಸಿಲಿಕಾ ಬೆಳೆಯಲು ಜಾಗವೇ ಸಿಗುವುದಿಲ್ಲ, ಆಳದಲ್ಲೂ ಸಂದಿ ಉಳಿಯುತ್ತದೆ.

ಈಗ ನಮ್ಮ ದೇಶದ ಒಂದು ಕಥೆ. ರಾಜಸ್ಥಾನದ ಬಾಡ್‌ಮೇರ್ ಜಿಲ್ಲೆಯಲ್ಲಿ 2004ರಲ್ಲಿ ಮಂಗಳಾ ಕ್ಷೇತ್ರ ಸಿಕ್ಕಿತು, 2009ರಲ್ಲಿ ಎಣ್ಣೆ ಬರಲು ಶುರುವಾಯಿತು. ಅಲ್ಲಿನ ಫತೇಗಢ ಮರಳುಗಲ್ಲು ಹೆಚ್ಚಾಗಿ ಹಳೆಯ ಹೊಳೆಗಳು ಹಾಕಿದ್ದು. ಕಲ್ಲು ಅದ್ಭುತ, ಒಳ್ಳೆಯ ಕಡೆಗಳಲ್ಲಿ ಹಲವು ಡಾರ್ಸಿ, ಮಿಲಿಡಾರ್ಸಿ ಅಲ್ಲ. ಆದರೆ ಎಣ್ಣೆಯಲ್ಲಿ ಮೇಣ ಜಾಸ್ತಿ. ಹೊರಗೆ ತಂದು ತಣ್ಣಗಾಗಲು ಬಿಟ್ಟರೆ ಗಟ್ಟಿಯಾಗುತ್ತದೆ. ಹಾಗಾಗಿ ಗುಜರಾತಿನ ಕರಾವಳಿಗೆ ಹೋಗುವ 600 ಕಿ.ಮೀ.ಗೂ ಉದ್ದದ ಪೈಪ್‌ಲೈನನ್ನು ದಾರಿಯುದ್ದಕ್ಕೂ ಬಿಸಿ ಮಾಡುತ್ತಾರೆ. ನೆಲದಡಿಯ ಬಿಸಿಯಲ್ಲೂ ಆ ಎಣ್ಣೆ ನೀರಿಗಿಂತ ಹತ್ತಾರು ಪಟ್ಟು ಮಂದ.

ಮಂದ ಎಣ್ಣೆಯ ಹಿಂದೆ ತೆಳು ನೀರು ಒತ್ತಿದರೆ ನೀರು ಎಣ್ಣೆಯನ್ನು ತಳ್ಳುವ ಬದಲು ಅದರ ನಡುವೆ ಬೆರಳು ತೂರಿದಂತೆ ನುಗ್ಗಿ ಮುಂದೆ ಹೋಗುತ್ತದೆ. ಎಲ್ಲಿ ನುಗ್ಗುತ್ತದೆ? ಕಲ್ಲು ಎಲ್ಲಿ ಸ್ವಲ್ಪ ಜಾಸ್ತಿ ಸಲೀಸಾಗಿದೆಯೋ ಅಲ್ಲಿ. ಕಲ್ಲಿನ ಸಣ್ಣ ವ್ಯತ್ಯಾಸವನ್ನು ಎಣ್ಣೆಯ ಮಂದತನ ದೊಡ್ಡದು ಮಾಡುತ್ತದೆ. ಇದಕ್ಕೆ ಅಲ್ಲಿ ಮಾಡಿದ ಉಪಾಯ ನೀರನ್ನೇ ಮಂದ ಮಾಡುವುದು. ಪಾಲಿಅಕ್ರಿಲಮೈಡ್ ಬಗೆಯ ಪಾಲಿಮರ್ ಪುಡಿಯನ್ನು ನೀರಿಗೆ ಬೆರೆಸಿ ಒತ್ತುತ್ತಾರೆ. ನೀರು ಲೋಳೆಯಾಗುತ್ತದೆ, ಸಲೀಸು ದಾರಿಯಲ್ಲೂ ಅದರ ಓಟ ಕಡಿಮೆಯಾಗುತ್ತದೆ, ಪಕ್ಕದ ಬಿಗಿ ಪದರಕ್ಕೂ ಒಂದಿಷ್ಟು ನುಗ್ಗುತ್ತದೆ. ಚೀನಾದ ಡಾಚಿಂಗ್ ಕ್ಷೇತ್ರದವರು 1990ರ ದಶಕದಿಂದಲೇ ಇದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದಾರೆ. ಕೆರೆ, ಹೊಳೆ, ಮುಖಜಭೂಮಿಗಳ ಮರಳು ತೆಳು ತೆಳು ಪದರಗಳಾಗಿ ಕೂತ ಜಾಗ ಅದು, ಬರೇ ನೀರಿಗೆ ಬಗ್ಗುವಂಥದ್ದಲ್ಲ.

ಪಾಲಿಮರ್ ಹಾಕಿದರೆ ಎಲ್ಲ ಸರಿಯಾಗುತ್ತದೆ ಅಂತ ಅಲ್ಲ. ಉಪ್ಪು ಜಾಸ್ತಿ ಇದ್ದರೆ, ಬಿಸಿ ತೀರಾ ಜಾಸ್ತಿ ಇದ್ದರೆ ಅದರ ಲೋಳೆತನ ಹೋಗುತ್ತದೆ. ಜೇಡಿ ಅದನ್ನು ಹೀರಿ ಹಿಡಿದುಕೊಳ್ಳುತ್ತದೆ. ನೀರು ತಳ್ಳಿಕೊಂಡು ಹೋದ ಜಾಗದಲ್ಲೂ ಸಂದಿಗಳ ಮೂಲೆಯಲ್ಲಿ ಒಂದಿಷ್ಟು ಎಣ್ಣೆ ಹನಿಹನಿಯಾಗಿ ಸಿಕ್ಕಿಬಿದ್ದಿರುತ್ತದೆ, ಪಾಲಿಮರ್ ಅದನ್ನು ಬಿಡಿಸುವುದಿಲ್ಲ, ಅದಕ್ಕೆ ಸಾಬೂನಿನಂಥ ಬೇರೆ ರಾಸಾಯನಿಕ ಬೇಕು. ಮತ್ತೆ ಬಿರುಕೇ ದಾರಿಯಾಗಿದ್ದರೆ ದುಬಾರಿ ಪಾಲಿಮರ್ ನೀರಿನ ಜೊತೆಗೇ ಆಚೆ ಬಾವಿಯಿಂದ ಹೊರಗೆ ಬರುತ್ತದೆ. ಹಾಗಾಗಿ ಔಷಧಕ್ಕೆ ಮೊದಲು ಕಲ್ಲನ್ನು ಓದಬೇಕು. ಎಷ್ಟೋ ಸಲ ಏನೂ ಹಾಕದೆ, ನೀರು ನುಗ್ಗುವ ಪದರದ ಕಡೆ ಬಾವಿಯ ತೂತನ್ನು ಸಿಮೆಂಟಿನಿಂದ ಮುಚ್ಚಿದರೂ ಕೆಲಸ ಆಗುತ್ತದೆ. ಆದರೆ ಆ ಪದರ ಮತ್ತು ಪಕ್ಕದ ಪದರದ ನಡುವೆ ಜೇಡಿಯ ಗೋಡೆ ಇರಬೇಕು. ಇಲ್ಲದಿದ್ದರೆ ನೀರು ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಹಳೆಯ ದಾರಿಗೇ ಸೇರುತ್ತದೆ.

ನಮ್ಮ ಕಡಲಲ್ಲಿ ಎಣ್ಣೆ ಇಲ್ವಾ ಅಂತ ಚೀಟಿ ಬಂದಿದೆ. ಕೇರಳ-ಕೊಂಕಣ ಜಲಾನಯನ ಅಂತ ನಮ್ಮ ಕರಾವಳಿಯ ಹೊರಗಿನ ಪ್ರದೇಶಕ್ಕೆ ಹೆಸರು. ಬಾವಿಗಳನ್ನು ಕೊರೆದು ನೋಡಿದ್ದಾರೆ, ಲಾಭಕ್ಕೆ ತೆಗೆಯುವಂಥದ್ದು ಸಿಕ್ಕಿಲ್ಲ. ಅಷ್ಟೇ ಉತ್ತರ.

ಕೊನೆಯ ಪ್ರಶ್ನೆ ಚೆನ್ನಾಗಿದೆ. ಬಾವಿಯಲ್ಲಿ ಕೋರ್ ಸಿಗುತ್ತದೆ ಸರಿ, ಎರಡು ಬಾವಿಯ ನಡುವೆ ಏನಿದೆ ಅಂತ ಹೇಗೆ ಗೊತ್ತಾಗುತ್ತದೆ? ಕೋರಿನ ಅಗಲ ಒಂದು ಗೇಣೂ ಇರುವುದಿಲ್ಲ. ಬಾವಿಗಳ ನಡುವೆ ನೂರಾರು ಮೀಟರ್. ಭೂಕಂಪನದ ಅಲೆಗಳಿಂದ ತೆಗೆದ ಚಿತ್ರದಲ್ಲಿ ಒಂದೆರಡು ಮೀಟರಿನ ಜೇಡಿ ಕಾಣುವುದಿಲ್ಲ, ಹಾಳೆಯಂಥದ್ದು ಕೇಳಲೇಬೇಡಿ. ಅದಕ್ಕೆ ಒಂದು ಹಳೆಯ ಉಪಾಯ ಇದೆ. ಅದೇ ಬಗೆಯಲ್ಲಿ ಆದ ಕಲ್ಲು ಎಲ್ಲಿ ನೆಲದ ಮೇಲೆ ತೆರೆದು ನಿಂತಿದೆಯೋ ಅಲ್ಲಿಗೆ ಹೋಗಿ ಟೇಪು ಹಿಡಿಯುವುದು. ಅಮೆರಿಕದ ಯೂಟಾದಲ್ಲಿ ಬುಕ್ ಕ್ಲಿಫ್ಸ್ ಅನ್ನುವ ಬಂಡೆಗಳ ಸಾಲು ಇದೆ, ಜಗತ್ತಿನ ಎಣ್ಣೆಯವರೆಲ್ಲ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಜೇಡಿ ಪದರ ಎಷ್ಟು ಉದ್ದಕ್ಕೆ ಹೋಗಿ ಎಲ್ಲಿ ಮುಗಿಯುತ್ತದೆ ಅಂತ ಅಳೆದು, ಆ ಅಳತೆಗಳನ್ನು ಕಂಪ್ಯೂಟರ್ ಮಾದರಿಗೆ ಹಾಕುತ್ತಾರೆ.

ನೀವು ಯೂಟಾಕ್ಕೆ ಹೋಗಬೇಕಾಗಿಲ್ಲ. ಕಾಸರಗೋಡಿನಿಂದ ರೈಲು ಹತ್ತಿ ವರ್ಕಲದಲ್ಲಿ ಇಳಿಯಿರಿ. ಕಡಲಿಗೆ ಮುಖ ಮಾಡಿ ನಿಂತ ಆ ಕೆಂಪು ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೇಲೆ ಮುರಕಲ್ಲು, ಕೆಳಗೆ ಮರಳುಗಲ್ಲು, ಜೇಡಿ, ನಡುವೆ ಕಪ್ಪು ಲಿಗ್ನೈಟ್ ಗೆರೆ. ಮರಳಿನಿಂದ ಇಳಿದ ನೀರು ಜೇಡಿ ಸಿಕ್ಕಿದಲ್ಲಿ ಮುಂದೆ ಇಳಿಯಲಾಗದೆ ಬಂಡೆಯ ಮೈಯಿಂದ ಒರತೆಯಾಗಿ ಹೊರಗೆ ಬರುತ್ತದೆ. ಒರತೆ ಇರುವ ಕಡೆಗಳನ್ನು ಗುರುತು ಹಾಕಿ, ಅದರ ಕೆಳಗಿನ ಜೇಡಿಯ ದಪ್ಪ ಬರೆಯಿರಿ, ಎಡಕ್ಕೆ ಬಲಕ್ಕೆ ಎಷ್ಟು ಹೆಜ್ಜೆ ಹೋಗುತ್ತದೆ ನೋಡಿ. ಎಲ್ಲಿ ಜೇಡಿ ಮುಗಿಯುತ್ತದೋ ಅಲ್ಲಿ ಒರತೆ ಏನಾಗುತ್ತದೆ ಅಂತಲೂ ನೋಡಿ. ಮಳೆಗಾಲ ಮುಗಿದ ಕೂಡಲೇ ಹೋದರೆ ಒರತೆ ಚೆನ್ನಾಗಿ ಕಾಣುತ್ತದೆ. ಬಂಡೆಯ ಬುಡಕ್ಕೆ ಅಂಟಿ ಮಾತ್ರ ನಿಲ್ಲಬೇಡಿ, ಅದು ಆಗಾಗ ಕುಸಿಯುತ್ತದೆ. ಆ ಎರಡು ಪ್ಲಗ್ ಯಾರ ಹತ್ತಿರ ಇವೆಯೋ ದಯವಿಟ್ಟು ಮುಂದಕ್ಕೆ ಕಳಿಸಿ.